ಬೇನೆಯ ವರ್ಷಕ್ಕೊಂದು ಕಣಜ

ಸಹ್ಯಾದ್ರಿಯ ಕಾಡು ಮೆಲ್ಲಮೆಲ್ಲನೆ ಬಯಲಿಗೆ ಇಳಿಯುವ ಅಂಚಿನಲ್ಲಿದೆ ಹಳಿಯಾಳ ತಾಲ್ಲೂಕು. ಒಂದು ಕಡೆ ದಾಂಡೇಲಿಯ ಅರಣ್ಯ, ಇನ್ನೊಂದು ಕಡೆ ಧಾರವಾಡದ ಕಪ್ಪುಮಣ್ಣಿನ ಸೀಮೆ. ನಡುವೆ ಭತ್ತ, ಕಬ್ಬು, ಗೋವಿನಜೋಳಗಳ ಹೊಲಗದ್ದೆಗಳು. ಈ ತಾಲ್ಲೂಕಿನ ತೇರಗಾಂವದಂಥ ಊರುಗಳಲ್ಲಿ ಮನೆತನದ ಆದಾಯ ತಿಂಗಳಿಗೊಮ್ಮೆ ಬರುವುದಲ್ಲ, ಸುಗ್ಗಿಗೊಮ್ಮೆ ಬರುವಂಥದು. ಕಬ್ಬು ನೆಟ್ಟು ಕಡಿಯುವವರೆಗೆ ಹೆಚ್ಚುಕಡಮೆ ಒಂದು ವರ್ಷ ಕಾಯಬೇಕು. ಕಾರ್ಖಾನೆಗೆ ಕಬ್ಬು ಹೋದ 14 ದಿನಗಳೊಳಗೆ ಹಣ ಸಲ್ಲಬೇಕೆಂಬುದು 1966ರ ಕಬ್ಬು ನಿಯಂತ್ರಣಾಜ್ಞೆಯ ನಿಯಮ. ಆ ಹಣ ಬರುವತನಕ ಮನೆ ನಡೆಯುವುದು ಹಿಂದಿನ ಸುಗ್ಗಿಯ ಉಳಿಕೆಯಿಂದ, ಸಹಕಾರ ಸಂಘದ ಸಾಲದಿಂದ, ಮತ್ತು ಮನೆಯ ಯಜಮಾನನ ಹಾಗೂ ಗೃಹಿಣಿಯ ರಟ್ಟೆಯ ಬಲದಿಂದ.

ಆ ರಟ್ಟೆಯೇ ಒಂದು ವರ್ಷ ಸೋತು ಕುಳಿತರೆ ಏನು ಗತಿ? ಮಳೆ ಕೈಕೊಟ್ಟರೆ ಬೆಳೆವಿಮೆಯುಂಟು. ಎತ್ತು ಸತ್ತರೆ ಜಾನುವಾರು ವಿಮೆಯುಂಟು. ಎತ್ತಿಗೂ ಬೆಳೆಗೂ ವಿಮೆ ಮಾಡಿಸುವ ರೈತ, ಇವೆರಡನ್ನೂ ಸಾಕುವ ತನ್ನ ದೇಹಕ್ಕೆ ಕ್ಯಾನ್ಸರೋ ಹೃದಯಾಘಾತವೋ ಬಂದೆರಗಿದರೆ ಆ ವರ್ಷವನ್ನು ಹೇಗೆ ದಾಟಬೇಕೆಂಬುದನ್ನು ಯೋಚಿಸುವುದು ಅಪರೂಪ. ಬಾಯಾರಿದಾಗ ಬಾವಿ ತೋಡಿದರೆಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದೆ. ಇತ್ತೀಚಿನ ವರ್ಷಗಳಲ್ಲಿ ವಿಮಾ ಪ್ರತಿನಿಧಿಗಳು ಹಳ್ಳಿಗಳಿಗೂ ಹೊತ್ತು ತರುತ್ತಿರುವ ‘ಕ್ರಿಟಿಕಲ್ ಇಲ್‌ನೆಸ್’ ಪಾಲಿಸಿ, ಎಂದರೆ ಗಂಭೀರ ಕಾಯಿಲೆಯ ವಿಮೆ, ಈ ಪ್ರಶ್ನೆಗೆ ಒಂದು ಉತ್ತರ. ಆದರೆ ಅದನ್ನು ಆರಿಸಿಕೊಳ್ಳುವವನಿಗೆ ವಿವೇಕವಿಲ್ಲದಿದ್ದರೆ ಕಟ್ಟಿದ ಕಂತೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದೀತು.

ಆಸ್ಪತ್ರೆಯ ಲೆಕ್ಕ, ಮನೆಯ ಲೆಕ್ಕ

ದೊಡ್ಡ ಕಾಯಿಲೆ ಬಂದ ಮನೆಯಲ್ಲಿ ಎರಡು ಬಗೆಯ ಖರ್ಚು ಏಳುತ್ತದೆ. ಮೊದಲನೆಯದು ಆಸ್ಪತ್ರೆಯ ಬಿಲ್ಲು: ಹಾಸಿಗೆ, ಔಷಧ, ಶಸ್ತ್ರಕ್ರಿಯೆ, ವೈದ್ಯರ ಶುಲ್ಕ. ಅದು ಕಣ್ಣಿಗೆ ಕಾಣುವ ಖರ್ಚು, ರಸೀತಿಯುಳ್ಳ ಖರ್ಚು. ಎರಡನೆಯದು ಯಾವ ರಸೀತಿಯೂ ಇಲ್ಲದ ಖರ್ಚು. ಉಳುವವನಿಲ್ಲದೆ ಬೀಳುಬಿದ್ದ ಹೊಲ, ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸ, ಸಂಗಡ ಹೋದವರ ಬಸ್ಸಿನ ದುಡ್ಡು, ಪರಸ್ಥಳದ ಊಟವಸತಿ, ವಾಯಿದೆ ಮೀರಿದ ಸಾಲದ ಬಡ್ಡಿ, ಶಾಲೆ ಬಿಡಿಸಿ ಹೊಲಕ್ಕೆ ಕಳಿಸಿದ ಹುಡುಗನ ಭವಿಷ್ಯ: ಇವೆಲ್ಲ ಆ ಬಗೆಯವು.

ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಎರಡನೆಯ ಖರ್ಚು ತುಸು ಹೆಚ್ಚೇ. ಜಿಲ್ಲೆಗೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂಬ ಬೇಡಿಕೆ 2022ರಲ್ಲಿ ಜನಚಳವಳಿಯ ರೂಪವನ್ನೇ ತಾಳಿತ್ತು. ಹಳಿಯಾಳ ಸೀಮೆಯವರಿಗೆ ಘಟ್ಟದ ಕೆಳಗಿನ ಕಾರವಾರಕ್ಕಿಂತ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳೇ ಹತ್ತಿರ. ಕ್ಯಾನ್ಸರ್ ಎಂದರೆ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆ. ಇತರ ದೊಡ್ಡ ಬೇನೆಗಳಿಗೆ ‘ಕಿಮ್ಸ್’ ಎಂದೇ ಜನ ಬಲ್ಲ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ, ಧಾರವಾಡದ ಎಸ್.ಡಿ.ಎಂ., ಬೆಳಗಾವಿಯ ಕೆ.ಎಲ್.ಇ. ಹೀಗೆ ಜನ ಊರು ಬಿಟ್ಟು ಹೋಗಬೇಕು. ವಿಕಿರಣ ಚಿಕಿತ್ಸೆಯೆಂದರೆ ಅನೇಕ ವೇಳೆ ವಾರಕ್ಕೆ 5 ದಿನದಂತೆ ಐದಾರು ವಾರಗಳ ನಡೆ. ನಿತ್ಯ ಬಸ್ಸಿನಲ್ಲಿ ಹೋಗಿ ಬರುವುದು ಬೇನೆಯವನಿಗೆ ಶಕ್ಯವಲ್ಲ. ಅಲ್ಲಿಯೇ ಉಳಿಯುವುದು ಬಡವನಿಗೆ ಸುಲಭವಲ್ಲ. ಚಿಕಿತ್ಸೆ ಉಚಿತವಾಗಿದ್ದರೂ ಈ ಐದಾರು ವಾರ ಉಚಿತವಲ್ಲ.

ಗಂಭೀರ ಕಾಯಿಲೆಯ ವಿಮೆ ಇರುವುದು ಮುಖ್ಯವಾಗಿ ಈ ಎರಡನೆಯ ಲೆಕ್ಕಕ್ಕಾಗಿ. ಸಾಮಾನ್ಯ ಆರೋಗ್ಯವಿಮೆ ಆಸ್ಪತ್ರೆಯ ಬಿಲ್ಲನ್ನು ತುಂಬುತ್ತದೆ. ಬಿಲ್ಲು ಎಷ್ಟೋ ಅಷ್ಟು, ಪಾಲಿಸಿಯ ಮಿತಿಯೊಳಗೆ. ಗಂಭೀರ ಕಾಯಿಲೆಯ ವಿಮೆ ಹಾಗಲ್ಲ. ಕರಾರಿನಲ್ಲಿ ಹೆಸರಿಸಿದ ಕಾಯಿಲೆಗಳಲ್ಲಿ ಒಂದು ಬಂದಿದೆಯೆಂದು ವೈದ್ಯಕೀಯವಾಗಿ ಸಿದ್ಧವಾದರೆ, ಗೊತ್ತುಮಾಡಿದ ಮೊತ್ತವನ್ನು ಒಂದೇ ಗಂಟಿನಲ್ಲಿ ರೋಗಿಯ ಕೈಗೆ ಕೊಡುತ್ತದೆ. ಆಸ್ಪತ್ರೆಯ ಬಿಲ್ಲು ಸರ್ಕಾರದ ಯೋಜನೆಯಿಂದ ತೀರಿದ್ದರೂ ಈ ಮೊತ್ತ ಕಡಿಮೆಯಾಗುವುದಿಲ್ಲ. ಆ ಹಣವನ್ನು ಔಷಧಕ್ಕೇ ಬಳಸಬೇಕೆಂಬ ಕಟ್ಟಳೆಯೂ ಇಲ್ಲ. ಸಾಲಕ್ಕೆ ಕಟ್ಟಬಹುದು, ಬೀಜಗೊಬ್ಬರ ತರಬಹುದು, ಮಗಳ ಕಾಲೇಜಿನ ಶುಲ್ಕ ತುಂಬಬಹುದು.

ಒಬ್ಬ ಶಸ್ತ್ರವೈದ್ಯನ ಯೋಚನೆ

ಈ ವಿಮೆಯ ಹುಟ್ಟಿನ ಕಥೆ ಸ್ವಾರಸ್ಯವಾದುದು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಮನುಷ್ಯನಿಂದ ಮನುಷ್ಯನಿಗೆ ಹೃದಯವನ್ನು ಕಸಿ ಮಾಡಿದ ಮೊದಲ ಶಸ್ತ್ರಕ್ರಿಯೆ ನಡೆದು ಜಗತ್ತೇ ಬೆರಗಾಯಿತು. ಅದನ್ನು ನಡೆಸಿದವರು ಡಾಕ್ಟರ್ ಕ್ರಿಸ್ಟಿಯಾನ್ ಬರ್ನಾರ್ಡ್. ಅವರ ತಂಡದಲ್ಲಿ ಅವರ ತಮ್ಮ ಮೇರಿಯಸ್ ಬರ್ನಾರ್ಡ್ ಕೂಡ ಇದ್ದರು. ವರ್ಷಗಳು ಉರುಳಿದಂತೆ ಮೇರಿಯಸ್‌ರ ಮನಸ್ಸನ್ನು ಒಂದು ಸಂಗತಿ ಕಾಡತೊಡಗಿತು: ವೈದ್ಯನ ಕತ್ತರಿಯಿಂದ ಬದುಕಿ ಉಳಿದ ರೋಗಿ ಮನೆಗೆ ಹೋಗಿ ಹಣದ ಸಂಕಟದಿಂದ ಮತ್ತೆ ಕುಸಿಯುತ್ತಿದ್ದ. ಜೀವವಿಮೆ ಇದ್ದರೂ ಅದು ಸತ್ತ ಮೇಲೆ ಬರುವ ಹಣ. ಬದುಕಿದವನಿಗೆ ಅದರಿಂದ ಪ್ರಯೋಜನವಿಲ್ಲ. ವೈದ್ಯಶಾಸ್ತ್ರ ಬೆಳೆದಷ್ಟೂ ಕಾಯಿಲೆ ಬಂದು ಬದುಕುವವರು ಹೆಚ್ಚುತ್ತಾರೆ. ಅವರಿಗೆ ಬದುಕಿರುವಾಗಲೇ ಒದಗುವ ವಿಮೆ ಬೇಕು ಎಂದು ಅವರು ವಿಮಾ ಕಂಪನಿಯೊಂದರ ಮನವೊಲಿಸಿದರು. 1983ರಲ್ಲಿ ಈ ಬಗೆಯ ಮೊದಲ ಪಾಲಿಸಿ ಹೊರಬಂದಿತು. ಅದರಲ್ಲಿದ್ದವು ನಾಲ್ಕೇ ನಾಲ್ಕು: ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ಹೃದಯದ ಬೈಪಾಸ್ ಶಸ್ತ್ರಕ್ರಿಯೆ.

ಇಂದು ಮಾರುಕಟ್ಟೆಯಲ್ಲಿ ಹತ್ತು, ಇಪ್ಪತ್ತು, ಅರವತ್ತಕ್ಕೂ ಮಿಕ್ಕಿದ ಕಾಯಿಲೆಗಳ ಪಟ್ಟಿಯುಳ್ಳ ಪಾಲಿಸಿಗಳಿವೆ. ಪಟ್ಟಿ ಉದ್ದವಾದಷ್ಟೂ ರಕ್ಷಣೆ ದೊಡ್ಡದೆಂದು ಭ್ರಮಿಸುವುದು ಸಹಜ. ವಾಸ್ತವದಲ್ಲಿ ಹೆಚ್ಚಿನ ಹಕ್ಕುಗಳು ಬರುವುದು ಬರ್ನಾರ್ಡರ ಆ ಮೊದಲ ಪಟ್ಟಿಯ ಕಾಯಿಲೆಗಳಿಂದಲೇ. ಉಳಿದವುಗಳಲ್ಲಿ ಎಷ್ಟೋ ಕಾಯಿಲೆಗಳು ಒಂದು ಊರಿನಲ್ಲಿ ಒಂದು ತಲೆಮಾರಿನಲ್ಲಿ ಒಬ್ಬರಿಗೂ ಬಾರದಿರಬಹುದು.

ಮೊದಲು ಕೈಯಲ್ಲಿರುವುದನ್ನು ಎಣಿಸಬೇಕು

ಹೊಸ ಪಾಲಿಸಿಯ ಮಾತಿಗೆ ಮುಂಚೆ, ಈಗಾಗಲೇ ತನಗಿರುವ ರಕ್ಷಣೆ ಯಾವುದು ಎಂಬುದನ್ನು ಗೃಹಸ್ಥನು ತಿಳಿದುಕೊಳ್ಳಬೇಕು. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ, ಎ.ಪಿ.ಎಲ್. ಕುಟುಂಬಕ್ಕೆ ವೆಚ್ಚದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭವನ್ನು ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬುದನ್ನು ಮಾತ್ರ ಮರೆಯಬಾರದು.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇನ್ನೊಂದು ಆಸರೆ. ಅದು 2003ರಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿಗಳ ವಂತಿಗೆಯಿಂದ ಕಾರ್ಯಾರಂಭ ಮಾಡಿ, ರೈತರು ತಾವೇ ಕೂಡಿ ಕಟ್ಟಿಕೊಂಡ ಆರೋಗ್ಯರಕ್ಷಣೆಯೆಂದು ದೇಶದಲ್ಲೆಲ್ಲ ಹೆಸರಾಯಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಲೀನವಾಯಿತು. ಮತ್ತೆ 2023ರ ಜನವರಿಯಿಂದ ಪುನರಾರಂಭವಾದಾಗ ಕುಟುಂಬಕ್ಕೆ 5 ಲಕ್ಷದ ಮಿತಿಯೂ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿಗಳ ವಂತಿಗೆಯೂ ಗೊತ್ತಾದವು. ಹೆಸರು ನೋಂದಾಯಿಸಲು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅವಕಾಶ. ಅದು ತಪ್ಪಿದರೆ ಮುಂದಿನ ವರ್ಷವೇ ಗತಿ.

ದಾಂಡೇಲಿಯ ಕಾಗದದ ಕಾರ್ಖಾನೆಯಂಥ ಉದ್ದಿಮೆಗಳಲ್ಲಿ ದುಡಿಯುವವರು, ತಮ್ಮ ಸಂಬಳ ನಿಯಮದ ಮಿತಿಯೊಳಗಿದ್ದರೆ, ನೌಕರರ ರಾಜ್ಯ ವಿಮೆಗೆ, ಎಂದರೆ ಇ.ಎಸ್.ಐ.ಗೆ, ಸೇರಿರುತ್ತಾರೆ. ತಿಂಗಳಿಗೆ 21,000 ರೂಪಾಯಿಗಳ ಮಿತಿ 2017ರಲ್ಲಿ ಜಾರಿಗೆ ಬಂದದ್ದು. ಇ.ಎಸ್.ಐ.ಯ ಒಂದು ಸೌಲಭ್ಯ ಬಹಳ ಕಾರ್ಮಿಕರಿಗೆ ತಿಳಿದಿಲ್ಲ. ಸಾಮಾನ್ಯ ಕಾಯಿಲೆಗೆ ಸಂಬಳದ ಶೇಕಡ 70ರಂತೆ ವರ್ಷಕ್ಕೆ 91 ದಿನ ಹಣ ಸಿಗುವುದಲ್ಲದೆ, ಕ್ಯಾನ್ಸರ್, ಕ್ಷಯ, ಪಾರ್ಶ್ವವಾಯು ಮೊದಲಾದ 34 ದೀರ್ಘಕಾಲದ ಕಾಯಿಲೆಗಳಿಗೆ, ಸೇವಾವಧಿಯ ಶರತ್ತು ಪೂರೈಸಿದವರಿಗೆ, ಶೇಕಡ 80ರಂತೆ ಎರಡು ವರ್ಷಗಳವರೆಗೂ ದೊರೆಯಬಹುದು. ಮನೆ ನಡೆಸಲು ರೋಗಿಯ ಕೈಗೆ ಹಣ ಕೊಡುವ ವ್ಯವಸ್ಥೆ ಇದು. ಗಂಭೀರ ಕಾಯಿಲೆಯ ವಿಮೆಗೆ ಸಮೀಪದ ಬಂಧು. ಹೊಲದಲ್ಲಿ ದುಡಿಯುವ ರೈತನಿಗೂ ಕೂಲಿಗೂ ಇಂಥ ಹಕ್ಕಿಲ್ಲ. ಅವರು ಆ ಹಕ್ಕನ್ನು ದುಡ್ಡು ಕೊಟ್ಟೇ ಕೊಳ್ಳಬೇಕು.

ಇಲ್ಲೊಂದು ತಪ್ಪು ತಿಳುವಳಿಕೆಯನ್ನೂ ಹೇಳಬೇಕು. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, 20 ರೂಪಾಯಿಯ ಸುರಕ್ಷಾ ವಿಮೆ, ಇವನ್ನು ಮಾಡಿಸಿದವರು ‘ನಮಗೆ ವಿಮೆ ಆಗಿದೆ’ ಎಂದು ನೆಮ್ಮದಿಯಿಂದಿರುತ್ತಾರೆ. ಮೊದಲನೆಯದು ಮರಣಕ್ಕೆ, ಎರಡನೆಯದು ಅಪಘಾತಕ್ಕೆ. ಎರಡೂ ಒಳ್ಳೆಯವೇ; ಆದರೆ ಕಾಯಿಲೆಯಿಂದ ಹಾಸಿಗೆ ಹಿಡಿದವನಿಗೆ ಇವುಗಳಿಂದ ಒಂದು ಕಾಸೂ ಬಾರದು.

ಆದುದರಿಂದ ಕ್ರಮ ಸ್ಪಷ್ಟ. ಆಸ್ಪತ್ರೆಯ ಬಿಲ್ಲಿಗೆ ಆಧಾರ ಮೊದಲು. ಗಂಭೀರ ಕಾಯಿಲೆಯ ವಿಮೆ ಅನಂತರ. ಆರೋಗ್ಯ ಚೀಟಿಯನ್ನೇ ಮಾಡಿಸದೆ ಈ ಪಾಲಿಸಿಗೆ ಕೈಹಾಕುವುದು ಗೋಡೆಯಿಲ್ಲದೆ ಮಾಡು ಹೊದಿಸಿದಂತೆ. ಕಂತು ಕಟ್ಟಲು ಕೈಸಾಲ ಮಾಡಬೇಕಾದ ಸ್ಥಿತಿಯಲ್ಲಿರುವ ದಿನಗೂಲಿಯವರು ಮೊದಲಿನದನ್ನು ಭದ್ರಪಡಿಸಿಕೊಂಡು, ಇದನ್ನು ಮುಂದಕ್ಕೆ ಹಾಕುವುದೇ ಮೇಲು.

ಎಷ್ಟು ಮೊತ್ತ ಬೇಕು?

ಪ್ರತಿನಿಧಿ ಹೇಳಿದ ಮೊತ್ತ ಅವನ ಅನುಕೂಲದ್ದು. ಮನೆಗೆ ಬೇಕಾದ ಮೊತ್ತವನ್ನು ಮನೆಯವರೇ ಲೆಕ್ಕಹಾಕಬೇಕು. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿಗಳಲ್ಲಿ ಸಂಸಾರ ತೂಗಿಸುವ ಒಂದು ರೈತ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ದೊಡ್ಡ ಕಾಯಿಲೆಯಿಂದ ಏಳಲು ಎರಡು ವರ್ಷ ಹಿಡಿಯಿತೆಂದರೆ ಮನೆವೆಚ್ಚ 3,60,000 ರೂಪಾಯಿ. ತೀರಿಸಬೇಕಾದ ಬೆಳೆಸಾಲ 1,00,000. ಹುಬ್ಬಳ್ಳಿಯ ಓಡಾಟ, ವಸತಿ, ಯೋಜನೆಗೆ ಒಳಪಡದ ಔಷಧಗಳಿಗೆ 60,000. ಒಟ್ಟು 5,20,000. ಉಳಿತಾಯದಲ್ಲಿರುವ 20,000 ಕಳೆದರೆ 5 ಲಕ್ಷ. ಇದು ಆ ಮನೆಗೆ ಬೇಕಾದ ಕಣಜದ ಅಳತೆ. ಜಮೀನನ್ನು ಲಾವಣಿಗೆ ಕೊಟ್ಟು ಒಂದಿಷ್ಟು ಬರುವಂತಿದ್ದರೆ ಅದನ್ನೂ ಕಳೆಯಬಹುದು. ಓದುವ ಮಕ್ಕಳಿದ್ದರೆ ಅವರ ಶುಲ್ಕವನ್ನು ಕೂಡಬೇಕು.

ಬೆಳೆಸಾಲವನ್ನು ಲೆಕ್ಕಕ್ಕೆ ಹಿಡಿಯಲು ಕಾರಣವಿದೆ. ಸಹಕಾರ ಸಂಘಗಳ ಮೂಲಕ ಕೊಡುವ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯಿಲ್ಲವೆಂಬ ಸೌಲಭ್ಯವನ್ನು ಕರ್ನಾಟಕ ಸರ್ಕಾರ 2023ರಲ್ಲಿ 5 ಲಕ್ಷ ರೂಪಾಯಿಗಳವರೆಗೆ ಏರಿಸಿತು. ಆದರೆ ಆ ಸೌಲಭ್ಯ ವಾಯಿದೆಯೊಳಗೆ ಮರುಪಾವತಿ ಮಾಡಿದವನಿಗೆ ಮಾತ್ರ. ಕಾಯಿಲೆ ಬಿದ್ದ ವರ್ಷ ವಾಯಿದೆ ತಪ್ಪಿತೆಂದರೆ ಬಡ್ಡಿ ಮೈಮೇಲೆ ಬರುತ್ತದೆ. ಮರುವರ್ಷದ ಸಾಲವೂ ದುರ್ಲಭವಾಗುತ್ತದೆ. ಬೇನೆ ಒಂದು ವರ್ಷದ್ದಾದರೂ ಪೆಟ್ಟು ನಾಲ್ಕಾರು ವರ್ಷದ್ದು. ಹೊಲ ಮಾರುವ ಮಾತು ಮನೆಯಲ್ಲಿ ಏಳುವುದು ಇಂಥ ಹೊತ್ತಿನಲ್ಲಿಯೇ.

ಹೆಸರಲ್ಲಿ ಮರುಳಾಗಬಾರದು

ಗಂಭೀರ ಕಾಯಿಲೆಯ ಪಾಲಿಸಿಯಲ್ಲಿ ಅತ್ಯಂತ ಮುಖ್ಯವಾದುದು ಕಾಯಿಲೆಯ ಹೆಸರಲ್ಲ. ಅದಕ್ಕೆ ಕರಾರಿನಲ್ಲಿ ಕೊಟ್ಟ ಅರ್ಥ. ಒಂದೊಂದು ಕಂಪನಿ ಒಂದೊಂದು ಅರ್ಥ ಹಚ್ಚಿ ಜನ ಗೊಂದಲಕ್ಕೀಡಾಗುವುದನ್ನು ತಪ್ಪಿಸಲು ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2013ರಲ್ಲಿ 11 ಕಾಯಿಲೆಗಳಿಗೆ ಎಲ್ಲರೂ ಒಪ್ಪಬೇಕಾದ ಒಂದೇ ವ್ಯಾಖ್ಯೆಯನ್ನು ಕೊಟ್ಟಿತು. 2016ರಲ್ಲಿ ಆ ಸಂಖ್ಯೆ 22ಕ್ಕೆ ಏರಿತು. ಆ ವ್ಯಾಖ್ಯೆಗಳಲ್ಲಿ ಸಾಮಾನ್ಯನ ಊಹೆಗೆ ಮೀರಿದ ಅಂಶಗಳಿವೆ.

ಕ್ಯಾನ್ಸರನ್ನೇ ತೆಗೆದುಕೊಳ್ಳಬಹುದು. ಪಾಲಿಸಿಯ ಭಾಷೆಯಲ್ಲಿ ಅದು ‘ನಿರ್ದಿಷ್ಟ ತೀವ್ರತೆಯ ಕ್ಯಾನ್ಸರ್’. ಗಡ್ಡೆ ಹುಟ್ಟಿದ ಪದರದಲ್ಲಿಯೇ ಉಳಿದು ಒಳಕ್ಕೆ ಹಬ್ಬದಿದ್ದರೆ ಅದು ಈ ವ್ಯಾಖ್ಯೆಗೆ ಸೇರದು. ಥೈರಾಯ್ಡ್ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ಕೆಲವು ಆರಂಭದ ಹಂತದ ಕ್ಯಾನ್ಸರುಗಳೂ ಸೇರವು. ಹೃದಯದ ವಿಷಯದಲ್ಲಿ, ಎದೆ ತೆರೆದು ಮಾಡುವ ಬೈಪಾಸ್ ಶಸ್ತ್ರಕ್ರಿಯೆ ಸೇರುತ್ತದೆ. ತೊಡೆಯಿಂದಲೋ ಕೈಯಿಂದಲೋ ನಳಿಕೆ ತೂರಿಸಿ ಸ್ಟೆಂಟ್ ಇಡುವ ಆಂಜಿಯೋಪ್ಲಾಸ್ಟಿ ಆ ವ್ಯಾಖ್ಯೆಯಿಂದ ಹೊರಗೆ. ಇಂದು ಹೃದ್ರೋಗಿಗಳಲ್ಲಿ ಬಹಳ ಮಂದಿಗೆ ನಡೆಯುವುದು ಎರಡನೆಯದೇ. ಕೆಲವು ಪಾಲಿಸಿಗಳು ಅದಕ್ಕೆ ಬೇರೆಯಾಗಿ ಒಂದು ಸಣ್ಣ ಮೊತ್ತವನ್ನು ಕೊಡುತ್ತವೆ. ಕೊಡುತ್ತದೆಯೇ ಇಲ್ಲವೇ ಎಂಬುದನ್ನು ಮೊದಲೇ ಕೇಳಬೇಕು. ಹೃದಯಾಘಾತಕ್ಕೆ ಎದೆನೋವೊಂದೇ ಸಾಲದು. ಇ.ಸಿ.ಜಿ.ಯಲ್ಲಿ ಹೊಸ ಬದಲಾವಣೆಯೂ ರಕ್ತಪರೀಕ್ಷೆಯಲ್ಲಿ ಹೃದಯಸ್ನಾಯುವಿನ ಹಾನಿಯ ಗುರುತೂ ಇರಬೇಕು.

ಲಕ್ವಾ ಎಂದು ನಮ್ಮ ಜನ ಕರೆಯುವ ಪಾರ್ಶ್ವವಾಯುವಿನಲ್ಲಿ ನರದೌರ್ಬಲ್ಯವು ಕಡಮೆಯೆಂದರೆ 3 ತಿಂಗಳು ಉಳಿದಿರುವುದಕ್ಕೆ ಸಾಕ್ಷ್ಯ ಬೇಕು. ಬಾಯಿ ಸೊಟ್ಟಗಾಗಿ ಒಂದೇ ದಿನದಲ್ಲಿ ಸರಿಹೋಗುವ ತಾತ್ಕಾಲಿಕ ಆಘಾತಕ್ಕೆ ಹಣವಿಲ್ಲ. ಮೂತ್ರಪಿಂಡದ ವೈಫಲ್ಯವೆಂದರೆ ಎರಡೂ ಪಿಂಡಗಳು ಮತ್ತೆ ಸರಿಹೋಗದಂತೆ ಕೆಟ್ಟು, ನಿಯತವಾಗಿ ಡಯಾಲಿಸಿಸ್ ಬೇಕಾದ ಅಥವಾ ಕಸಿ ಮಾಡಿಸಬೇಕಾದ ಸ್ಥಿತಿ. ಇದರಿಂದ ತಿಳಿಯಬೇಕಾದ ನೀತಿಯಿಷ್ಟೆ: ಅರವತ್ತು ಹೆಸರುಗಳ ಪಟ್ಟಿಗಿಂತ, ಮುಖ್ಯವಾದ ಐದಾರು ಕಾಯಿಲೆಗಳಿಗೆ ಉದಾರವಾದ ಅರ್ಥ ಕೊಟ್ಟಿರುವ ಮತ್ತು ಆರಂಭದ ಹಂತಕ್ಕೂ ಭಾಗಶಃ ಹಣ ಕೊಡುವ ಪಾಲಿಸಿ ಮೇಲು.

ಕಾಯುವ ದಿನಗಳು

ಪಾಲಿಸಿ ಕೈಗೆ ಬಂದ ದಿನದಿಂದಲೇ ರಕ್ಷಣೆ ಆರಂಭವಾಗುವುದಿಲ್ಲ. ಸಾಮಾನ್ಯವಾಗಿ ಮೊದಲ 90 ದಿನಗಳಲ್ಲಿ ಕಾಣಿಸಿಕೊಂಡ ಕಾಯಿಲೆಗೆ ಹಣವಿಲ್ಲ. ಇದು ಕಾಯುವ ಅವಧಿ. ಪಾಲಿಸಿಗೆ ಮುಂಚೆಯೇ ಇದ್ದ ಬೇನೆಗಳಿಗೆ ಸಂಬಂಧಿಸಿದ ಹಕ್ಕಿಗೆ ಇನ್ನೂ ದೀರ್ಘಕಾಲ ಕಾಯಬೇಕು. ಆರೋಗ್ಯವಿಮೆಗಳಲ್ಲಿ ಇದರ ಮಿತಿ 4 ವರ್ಷವಿದ್ದುದನ್ನು ಪ್ರಾಧಿಕಾರವು 2024ರಲ್ಲಿ 3 ವರ್ಷಕ್ಕೆ ಇಳಿಸಿತು.

ಇನ್ನೊಂದು ಅವಧಿಯ ವಿಷಯ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಕಾಯಿಲೆ ಪತ್ತೆಯಾದ ಮೇಲೆ ರೋಗಿಯು ಇಷ್ಟು ದಿನ ಬದುಕಿರಬೇಕೆಂದು ಕರಾರು ವಿಧಿಸುತ್ತದೆ. ಅನೇಕ ಪಾಲಿಸಿಗಳಲ್ಲಿ ಅದು 30 ದಿನ. ಕೆಲವು ಪಾಲಿಸಿಗಳಲ್ಲಿ ಕಡಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಹೃದಯಾಘಾತವಾದ ಹತ್ತನೆಯ ದಿನ ತೀರಿಕೊಂಡವನ ಮನೆಯವರಿಗೆ, 30 ದಿನದ ಕರಾರಿದ್ದರೆ, ಈ ಪಾಲಿಸಿಯಿಂದ ಏನೂ ಬಾರದು. ಕೇಳಲು ಕಠೋರವೆನಿಸಿದರೂ ಇದರ ತರ್ಕ ಸರಳ: ಇದು ಬದುಕಿದವನಿಗಾಗಿ ಇರುವ ವಿಮೆ, ಸಾವಿಗೆ ಜೀವವಿಮೆ ಬೇರೆಯೇ ಇರಬೇಕು. ಆದುದರಿಂದ ದುಡಿಯುವ ವಯಸ್ಸಿನವನಿಗೆ ಎರಡೂ ಬೇಕು. ಒಂದು ಇನ್ನೊಂದರ ಕೆಲಸ ಮಾಡದು.

ಒಂಟಿಯೋ, ಜೋಡಿಯೋ?

ಈ ವಿಮೆಯನ್ನು ಎರಡು ರೀತಿಯಲ್ಲಿ ಕೊಳ್ಳಬಹುದು. ಒಂಟಿ ಪಾಲಿಸಿಯಾಗಿ ಕೊಳ್ಳುವುದು ಒಂದು. ಜೀವವಿಮೆಗೆ ಬೆಸೆದ ಉಪಕರಾರಾಗಿ, ಎಂದರೆ ರೈಡರ್ ಆಗಿ, ಪಡೆಯುವುದು ಇನ್ನೊಂದು. ಒಂಟಿ ಪಾಲಿಸಿಯನ್ನು ವರ್ಷವರ್ಷವೂ ನವೀಕರಿಸಬೇಕು. ವಯಸ್ಸು ಏರಿದಂತೆ ಕಂತೂ ಏರುತ್ತದೆ. ರೈಡರಿನಲ್ಲಿ ಕಂತು ಬಹುಮಟ್ಟಿಗೆ ಸ್ಥಿರವಾಗಿರುವುದುಂಟು. ಆದರೆ ಒಂದು ಗುಟ್ಟನ್ನು ತಿಳಿಯಬೇಕು. ಕೆಲವು ರೈಡರುಗಳು ಜೀವವಿಮೆಯ ಮೊತ್ತದಿಂದಲೇ ಮುಂಗಡ ಕೊಡುತ್ತವೆ. 10 ಲಕ್ಷದ ಜೀವವಿಮೆಯಲ್ಲಿ 5 ಲಕ್ಷವನ್ನು ಕಾಯಿಲೆಗೆ ಪಡೆದರೆ ಸಾವಿನ ಕಾಲಕ್ಕೆ ಮನೆಯವರಿಗೆ ಉಳಿಯುವುದು 5 ಲಕ್ಷವೇ. ಇನ್ನು ಕೆಲವು, ಜೀವವಿಮೆಯನ್ನು ಮುಟ್ಟದೆ ಬೇರೆಯಾಗಿ ಕೊಡುತ್ತವೆ. ‘ಇದು ಮುಂಗಡವೋ, ಹೆಚ್ಚುವರಿಯೋ?’ ಎಂಬ ಒಂದು ಪ್ರಶ್ನೆಯನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ತೆರಿಗೆಯ ಉಳಿತಾಯವನ್ನು ಮುಂದಿಟ್ಟು ಪಾಲಿಸಿ ಮಾರುವವರುಂಟು. ಕೃಷಿಯ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದಿರುವಾಗ ರೈತನಿಗೆ ಆ ಆಕರ್ಷಣೆ ಹುರುಳಿಲ್ಲದ್ದು. ಅವನಿಗೆ ನಿಜವಾದ ಉಪಕಾರ ಬೇರೆ ದಿಕ್ಕಿನಿಂದ ಬಂದಿದೆ: ವ್ಯಕ್ತಿಗಳು ತಮಗಾಗಿ ಮಾಡಿಸುವ ಜೀವವಿಮೆ, ಆರೋಗ್ಯವಿಮೆಗಳ ಕಂತಿನ ಮೇಲಿದ್ದ ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

ಕಂತಿನ ತಿಂಗಳನ್ನೂ ಯೋಚಿಸಿಯೇ ಗೊತ್ತುಮಾಡಿಕೊಳ್ಳಬೇಕು. ಬಿತ್ತನೆಯ ಕಾಲದಲ್ಲಿ ಕೈ ಬರಿದಾಗಿರುವಾಗ ಕಂತು ಬಂದರೆ ಅದು ತಪ್ಪುವ ಸಂಭವವೇ ಹೆಚ್ಚು. ತಪ್ಪಿ ಪಾಲಿಸಿ ರದ್ದಾದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ. ಕಬ್ಬಿನದೋ ಭತ್ತದ್ದೋ ಹಣ ಕೈಸೇರುವ ತಿಂಗಳಲ್ಲಿ ಪಾಲಿಸಿಯನ್ನು ಆರಂಭಿಸಿದರೆ ವರ್ಷವರ್ಷವೂ ಕಂತಿನ ವಾಯಿದೆ ಸುಗ್ಗಿಯ ಜೊತೆಗೇ ಬರುತ್ತದೆ.

ಯಾರ ಹೆಸರಿಗೆ?

ಹಳ್ಳಿಯ ಮನೆಗಳಲ್ಲಿ ವಿಮೆಯೆಂದರೆ ಯಜಮಾನನ ಹೆಸರಿಗೆ ಎಂಬುದು ರೂಢಿ. ದುಡಿಮೆ ಅವನದು ಎಂಬ ಭಾವನೆ ಇದರ ಹಿಂದಿದೆ. ಆದರೆ ನಾಟಿ, ಕಳೆ, ಕೊಯ್ಲು, ದನಕರು, ಹಾಲು, ಅಡಿಗೆ, ಮಕ್ಕಳು, ಮುದುಕರು ಇವೆಲ್ಲವನ್ನೂ ಹೊತ್ತ ಗೃಹಿಣಿ ಒಂದು ವರ್ಷ ಹಾಸಿಗೆ ಹಿಡಿದರೆ, ಆ ಕೆಲಸಗಳನ್ನು ಕೂಲಿ ಕೊಟ್ಟು ಮಾಡಿಸಿ ನೋಡಿದಾಗ ಮಾತ್ರ ಅವಳ ದುಡಿಮೆಯ ಬೆಲೆ ತಿಳಿಯುತ್ತದೆ. ಭಾರತದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳು ಸ್ತನದವು ಮತ್ತು ಗರ್ಭಕೊರಳಿನವು. ಇವು ಸಂಸಾರದ ನಡುವಯಸ್ಸಿನಲ್ಲಿಯೇ ಬರುವುದುಂಟು. ಕಂಪನಿಗಳು ಮೊತ್ತವನ್ನು ಆದಾಯಕ್ಕೆ ತಕ್ಕಂತೆ ಗೊತ್ತುಮಾಡುವುದರಿಂದ, ಸಂಬಳವಿಲ್ಲದ ಗೃಹಿಣಿಗೆ ಸಣ್ಣ ಮೊತ್ತವೇ ದೊರೆಯಬಹುದು. ಆದರೂ ಯಜಮಾನನ ಹೆಸರಿಗೆ 5 ಲಕ್ಷವನ್ನು ಒಟ್ಟಾಗಿ ಮಾಡಿಸುವುದಕ್ಕಿಂತ, ಅವನಿಗೆ 3 ಲಕ್ಷ ಅವಳಿಗೆ 2 ಲಕ್ಷ ಎಂದು ಹಂಚುವ ಮನೆ ಹೆಚ್ಚು ಜಾಣತನದ್ದು.

ಸಹಿ ಹಾಕುವ ಮುನ್ನ

ಹಕ್ಕು ತಿರಸ್ಕೃತವಾಗುವುದಕ್ಕೆ ದೊಡ್ಡ ಕಾರಣಗಳಲ್ಲೊಂದು ಅರ್ಜಿಯಲ್ಲಿ ನಿಜವನ್ನು ಮರೆಮಾಚುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದೆ ಆದ ಶಸ್ತ್ರಕ್ರಿಯೆ, ತಂದೆತಾಯಿಗಳ ಹೃದ್ರೋಗ, ಬೀಡಿ, ತಂಬಾಕು, ಗುಟ್ಕಾ, ಮದ್ಯ ಇವನ್ನೆಲ್ಲ ಅರ್ಜಿ ಕೇಳುತ್ತದೆ. ‘ಇಲ್ಲ’ ಎಂದು ಬರೆದರೆ ಕಂತು ಕಡಮೆಯಾಗುತ್ತದೆಂದು ಪ್ರತಿನಿಧಿ ಹೇಳಿದರೆ ಅದನ್ನು ನಂಬಬಾರದು. ಎಲೆಯಡಿಕೆಯೊಡನೆ ತಂಬಾಕು ಹಾಕುವುದನ್ನು ಚಟವೆಂದೇ ನಮ್ಮ ಜನ ಎಣಿಸುವುದಿಲ್ಲ. ವಿಮಾ ಕಂಪನಿ ಎಣಿಸುತ್ತದೆ. ಆರೋಗ್ಯವಿಮೆಯನ್ನು ಎಡೆಬಿಡದೆ 5 ವರ್ಷ ನಡೆಸಿದ ಮೇಲೆ, ಮೋಸವನ್ನು ಸ್ಥಾಪಿಸಿದ ಹೊರತು ಮರೆಮಾಚಿಕೆಯ ನೆಪದಿಂದ ಹಕ್ಕನ್ನು ನಿರಾಕರಿಸುವಂತಿಲ್ಲ ಎಂಬ ನಿಯಮವೇನೋ 2024ರಿಂದ ಇದೆ. ಆದರೆ ಕಾಯಿಲೆ 5 ವರ್ಷ ಕಾದು ಬರುತ್ತದೆಂಬ ಭರವಸೆ ಯಾರಿಗಿದೆ?

ಅರ್ಜಿ ಇಂಗ್ಲಿಷಿನಲ್ಲಿದ್ದರೆ ಓದಿಸಿ, ಅರ್ಥ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಬೇಕು. ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಅವರೇ ತುಂಬುವುದು ಲೇಸು. ತುಂಬಿದ ಅರ್ಜಿಯ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಪಾಲಿಸಿಯೊಡನೆ ಮುಖ್ಯಾಂಶಗಳ ಒಂದು ಗ್ರಾಹಕ ಮಾಹಿತಿ ಪತ್ರವನ್ನು ಕಂಪನಿ ಕೊಡಲೇಬೇಕು. ಕಾಯುವ ಅವಧಿ, ಸೇರದ ಕಾಯಿಲೆ, ದೂರಿನ ವಿಳಾಸ ಅದರಲ್ಲಿರುತ್ತವೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಮನಸ್ಸಿಗೆ ಒಪ್ಪದಿದ್ದರೆ ಹಿಂದಿರುಗಿಸಿ, ಅಲ್ಪಸ್ವಲ್ಪ ವೆಚ್ಚ ಕಳೆದು ಉಳಿದ ಹಣವನ್ನು ಪಡೆಯುವ ಹಕ್ಕೂ ಇದೆ. ಆ ತಿಂಗಳನ್ನು ಪಾಲಿಸಿಯನ್ನು ಪೆಟ್ಟಿಗೆಯಲ್ಲಿಡುವುದಕ್ಕಲ್ಲದೆ ಓದುವುದಕ್ಕೆ ಬಳಸಬೇಕು.

ಹಕ್ಕು ಕೇಳುವಾಗ

ಕಾಯಿಲೆ ಪತ್ತೆಯಾದ ಕೂಡಲೆ ಕಂಪನಿಗೆ ತಿಳಿಸಬೇಕು. ಕ್ಯಾನ್ಸರಿಗೆ ಮಾಂಸದ ತುಣುಕಿನ ಪರೀಕ್ಷೆಯ ವರದಿ, ಹೃದಯಾಘಾತಕ್ಕೆ ಇ.ಸಿ.ಜಿ. ಮತ್ತು ರಕ್ತದ ವರದಿ, ಲಕ್ವಾಕ್ಕೆ ಸ್ಕ್ಯಾನ್ ಚಿತ್ರ, ಆಸ್ಪತ್ರೆಯಿಂದ ಬಿಡುಗಡೆಯ ಚೀಟಿ ಇವೆಲ್ಲವೂ ಬೇಕಾಗುತ್ತವೆ. ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆ ಪಡೆದಾಗ ಮೂಲಪತ್ರಗಳು ಆಸ್ಪತ್ರೆಯಲ್ಲಿಯೇ ಉಳಿಯಬಹುದು. ದೃಢೀಕರಿಸಿದ ನಕಲುಗಳನ್ನು ಅಲ್ಲಿಂದ ಹೊರಡುವ ಮುನ್ನವೇ ಕೇಳಿ ಪಡೆಯಬೇಕು. ಪಾಲಿಸಿ ಇರುವ ವಿಷಯ ರೋಗಿಯೊಬ್ಬನಿಗೇ ಗೊತ್ತಿದ್ದು, ಅವನು ಮಾತನಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಪಾಲಿಸಿ ಇದ್ದೂ ಇಲ್ಲದಂತೆ. ಹೆಂಡತಿಗೆ, ಮಕ್ಕಳಿಗೆ ಅದರ ಸ್ಥಳವೂ ಸಂಖ್ಯೆಯೂ ತಿಳಿದಿರಬೇಕು.

ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರ ಮೊರೆಹೋಗಬಹುದು. ಅಲ್ಲಿ ಶುಲ್ಕವಿಲ್ಲ; ವಕೀಲರು ಬೇಕಿಲ್ಲ; 50 ಲಕ್ಷ ರೂಪಾಯಿಗಳವರೆಗಿನ ವ್ಯಾಜ್ಯವನ್ನು ಅವರು ಕೇಳುತ್ತಾರೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕೆಂಬುದು ಮಾತ್ರ ನೆನಪಿರಬೇಕು.

ವಿಮೆಯಿಂದ ಕಾಯಿಲೆ ತಡೆಯದು. ತಂಬಾಕು ಬಿಡುವುದು, ನಲವತ್ತು ದಾಟಿದ ಮೇಲೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಆಗಾಗ ಪರೀಕ್ಷಿಸಿಕೊಳ್ಳುವುದು, ಬಾಯಿಯ ಹುಣ್ಣನ್ನೋ ಎದೆಯ ಗಂಟನ್ನೋ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸುವುದು ಇವು ಯಾವ ಪಾಲಿಸಿಗಿಂತಲೂ ಅಗ್ಗವಾದ ರಕ್ಷಣೆ. ಅಷ್ಟಾದರೂ ಬೇನೆ ಬಂದರೆ, ಅದು ದೇಹದ ಪರೀಕ್ಷೆಯಾಗಲಿ. ಮನೆತನದ ಹೊಲದ ಹರಾಜಾಗದಿರಲಿ. ಮಳೆಗಾಲಕ್ಕೆಂದು ಸೌದೆ, ಬರಗಾಲಕ್ಕೆಂದು ಕಾಳು ಕೂಡಿಡುವ ಬುದ್ಧಿ ನಮ್ಮ ರೈತರಿಗೆ ಹೊಸದಲ್ಲ. ಆ ಹಳೆಯ ಬುದ್ಧಿಯನ್ನೇ ಬೇನೆಯ ವರ್ಷಕ್ಕೂ ಅನ್ವಯಿಸಿ, ತನ್ನ ಮನೆಯ ಅಳತೆ ತಾನೇ ನೋಡಿ, ಕರಾರನ್ನು ಓದಿ ಕೊಂಡವನಿಗೆ ಈ ವಿಮೆ ನಿಜವಾಗಿಯೂ ಒದಗಿ ಬಂದೀತು.